ಬದುವಿನ ಮೂರು ಹೊಂಗೆಮರ

ನಮ್ಮ ನ್ಯಾಮತಿ ಸೀಮೆ ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಮಳೆ ಚೆನ್ನಾಗಿ ಆದ ವರ್ಷ ನಾವು ಮಲೆನಾಡಿಗರು. ಮಳೆ ಕೈಕೊಟ್ಟ ವರ್ಷ ಬಯಲುಸೀಮೆಯವರು. ಇಂಥ ನಾಡಿನಲ್ಲಿ ಮೆಕ್ಕೆಜೋಳ ಬೆಳೆಯುವ ಮನೆಯಲ್ಲಿ ಹುಟ್ಟಿದ ನಾನು, ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗ. ಆ ಮೆಟ್ಟಿಲಿಗೆ ಬೆಲೆ ತೆತ್ತವು ಹೊಲದ ಬದುವಿನಲ್ಲಿದ್ದ ಮೂರು ಹೊಂಗೆಮರಗಳು.

ನಾನು ಕಾಲೇಜು ಸೇರಿದ ವರ್ಷ ಅಪ್ಪ ಅವನ್ನು ಮಾರಿದರು. "ನೆರಳಾಗೆ ಜೋಳ ಏಳಲ್ಲ, ನೀನಾದ್ರೂ ಏಳಪ್ಪ" ಎಂದರು. ನನಗೂ ಆಗ ಅದು ಸರಿಯೆಂದೇ ತೋರಿತು.

ಕಳೆದ ವರ್ಷ ಭೂಗೋಳದ ತರಗತಿಯಲ್ಲಿ ಅಧ್ಯಾಪಕರು ಕಾಡಿಗೂ ಹವೆಗೂ ಇರುವ ಸಂಬಂಧವನ್ನು ವಿವರಿಸಿದರು. ಬೇರು ಹೀರಿದ ನೀರನ್ನು ಎಲೆಗಳು ಆವಿಯಾಗಿ ಹೊರಬಿಡುತ್ತವೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಆ ಶಾಖವು ಎಲೆಯಿಂದಲೂ ಸುತ್ತಲಿನ ಗಾಳಿಯಿಂದಲೂ ಹೋಗುವುದರಿಂದ ತಂಪಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಿರುವುದೂ ಇದೇ ಕಾರಣದಿಂದ. ಹಾಗಾದರೆ ಅಪ್ಪ ನನಗಾಗಿ ಹೊಲದ ಮೂರು ಮಡಕೆಗಳನ್ನು ಮಾರಿದ್ದರು!

ಕಣ್ಣಾರೆ ನೋಡೋಣವೆಂದು ಬೆಳಗುತ್ತಿಯ ಹತ್ತಿರದ ತೀರ್ಥರಾಮೇಶ್ವರದ ಗುಡ್ಡಕ್ಕೆ ಮೂರು ಕಾಲದಲ್ಲಿಯೂ ಹೋಗಿಬಂದೆ. ಮಳೆಗಾಲದಲ್ಲಿ ಹನಿ ಮೊದಲು ಎಲೆಗೆ ಬಡಿದು, ತರಗೆಲೆಯ ಮೇಲಿಳಿದು, ಮೆಲ್ಲನೆ ಇಂಗುತ್ತಿತ್ತು. ನಮ್ಮ ಹೊಲದಲ್ಲಾದರೋ ಅದು ಮಣ್ಣನ್ನೂ ಕೂಡಿಕೊಂಡು ಹಳ್ಳ ಸೇರುತ್ತದೆ. ಚಳಿಗಾಲದ ಬೆಳಗಿನಲ್ಲಿ ಬಯಲಿಗಿಂತ ಮರಗಳಡಿ ಚಳಿ ಕಡಿಮೆ. ಇರುಳು ನೆಲದ ಕಾವು ಮೇಲೆ ಹಾರಿಹೋಗದಂತೆ ಎಲೆಗಳ ಚಪ್ಪರ ತಡೆದಿರುತ್ತದೆ. ಬೇಸಿಗೆಯಲ್ಲಿ ಮಾತ್ರ ನಾನೆಣಿಸಿದಂತಿರಲಿಲ್ಲ. ಎಷ್ಟೋ ಮರಗಳು ನೀರುಳಿಸಿಕೊಳ್ಳಲು ಎಲೆಯುದುರಿಸಿ ಬೋಳಾಗಿ ನಿಂತಿದ್ದವು. ಕಾಡಿನ ತಂಪು ಹನ್ನೆರಡು ತಿಂಗಳೂ ಒಂದೇ ಸಮನಾಗಿರುವುದಿಲ್ಲ. ಆದರೆ ಹೊಂಗೆ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತಳೆದು, ಬಿಸಿಲೇರುವಾಗ ನೆರಳು ಕೊಡುತ್ತದೆ. ನಾವು ಕಳೆದುಕೊಂಡದ್ದು ಅಂಥ ಮರಗಳನ್ನು.

ಮರ ಕಡಿದುದರಿಂದಲೇ ಮಳೆ ಹೋಯಿತೆಂದು ಊರಿನ ಹಿರಿಯರು ಹೇಳುವುದುಂಟು. ವಿಶಾಲವಾದ ಕಾಡುಗಳು ಗಾಳಿಗೆ ತೇವ ಕೊಡುವುದು ನಿಜ. ಆದರೆ ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ನಮ್ಮ ಮೂರು ಹೊಂಗೆಗಳ ಅಪ್ಪಣೆ ಕೇಳಿ ಬರುವುದಿಲ್ಲ. ಬಂದ ಮಳೆಯನ್ನು ಇಂಗಿಸುವುದು, ಬಿದ್ದ ಬಿಸಿಲನ್ನು ತಡೆಯುವುದು, ಇಷ್ಟು ಬದುವಿನ ಮರದ ಕೈಯಲ್ಲಿದೆ. ಒಕ್ಕಲಿಗನಿಗೆ ಇಷ್ಟೇನೂ ಅಲ್ಪವಲ್ಲ. ಈಗ ಅವ್ವ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ತಲೆಯ ಮೇಲಿನ ಸೆರಗೇ ಅವಳಿಗೆ ನೆರಳು.

ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಸಾವಧಾನವಾಗಿ ಕೇಳಿ, "ಇಷ್ಟು ಕಲಿಯಾಕೆ ಆ ಮರ ಮಾರಬೇಕಿತ್ತೇನಪ್ಪ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಈ ಮುಂಗಾರಿನಲ್ಲಿ ಅದೇ ಬದುವಿನಲ್ಲಿ ಮೂರು ಹೊಂಗೆಸಸಿ ನೆಟ್ಟೆವು. ಒಂದನ್ನು ಮೇಕೆ ತಿಂದಿತು. ಎರಡು ಮೊಳಕಾಲೆತ್ತರ ಬಂದಿವೆ. ನನ್ನ ಪದವಿ ಈ ವರ್ಷವೇ ಕೈಸೇರಬಹುದು. ಅವ್ವನ ನೆರಳಿಗೆ ಇನ್ನೂ ಕೆಲವು ವರ್ಷ ಕಾಯಬೇಕು.

— ಅಂತಿಮ ಬಿ.ಎ. ವಿದ್ಯಾರ್ಥಿ