ಎರಡು ಎಲ್ಲೆಗಳ ನಡುವೆ

ಕಾಂಪೋಸಿಟ್ ವಸ್ತುಗಳ ಬಲವಿಜ್ಞಾನ ಓದುವ ಈಗಿನ ವಿದ್ಯಾರ್ಥಿಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಯೊಂದಿದೆ. ನಾರಿನ ಗುಣ, ರಾಳದ ಗುಣ, ನಾರಿನ ಪಾಲು ಇಷ್ಟನ್ನು ಸಾಫ್ಟ್‌ವೇರಿಗೆ ಕೊಟ್ಟರೆ ಸಾಕು, ಉತ್ತರ ಬರುತ್ತದೆ. ಮೇಲಿನ ಎಲ್ಲೆ, ಕೆಳಗಿನ ಎಲ್ಲೆ ಎಂಬ ಹಳೆಯ ಪಾಠ ಇನ್ನೂ ಯಾಕೆ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕಾದರೆ ಕಂಪ್ಯೂಟರು ಪ್ರತಿ ಮೇಜಿಗೂ ಬರುವ ಮೊದಲು ಈ ಕಸುಬು ಹೇಗೆ ನಡೆಯುತ್ತಿತ್ತು ಎಂಬುದನ್ನು ನೆನೆಯಬೇಕು. ನೆನೆಯಲು ಕೂತರೆ ಹಳೆಯದೆಲ್ಲ ಚೆನ್ನ ಎನ್ನುವ ಆಸೆ ಹುಟ್ಟುತ್ತದೆ, ಅದು ಸುಳ್ಳು. ಆದರೆ ನಮ್ಮ ತಲೆಮಾರು ಕಲಿತದ್ದರಲ್ಲಿ ಒಂದು ಶಿಸ್ತಿತ್ತು: ಗೊತ್ತಿರುವುದೆಷ್ಟು, ಗೊತ್ತಿಲ್ಲದ್ದೆಷ್ಟು ಎಂಬುದನ್ನು ಸಂಖ್ಯೆಯಲ್ಲೇ ಹೇಳುವ ಶಿಸ್ತು. ಕಳೆದುಹೋದದ್ದು ಅದು.

ಗಾಜಿನ ನಾರಿನ ಯಂಗ್ ಗುಣಾಂಕ, ಅಂದರೆ ಎಳೆತಕ್ಕೆ ಹಿಗ್ಗದಿರುವ ಬಿಗುವಿನ ಅಳತೆ, ಸುಮಾರು 70 ಗಿಗಾಪ್ಯಾಸ್ಕಲ್, ಎಪಾಕ್ಸಿ ರಾಳದ್ದು ಸುಮಾರು 3.5. ಗಾತ್ರದಲ್ಲಿ ನೂರಕ್ಕೆ 60 ಪಾಲು ನಾರು ಇದೆ ಎನ್ನಿ. ಉದ್ದಕ್ಕೆ ಎಳೆದರೆ ನಾರೂ ರಾಳವೂ ಒಂದೇ ಸಮನೆ ಹಿಗ್ಗುತ್ತವೆ. ಪಾಲಿಗೆ ತಕ್ಕಂತೆ ಕೂಡಿದರೆ 43.4. ಇದರಲ್ಲಿ ತಕರಾರಿಲ್ಲ. ಅಡ್ಡಕ್ಕೆ ಎಳೆದಾಗ ತೊಡಕು ಶುರು. ಎರಡರ ಮೇಲೂ ಒತ್ತಡ ಸಮ ಎಂದು ಹಿಡಿದರೆ 8.1 ಬರುತ್ತದೆ, ಹಿಗ್ಗುವಿಕೆ ಸಮ ಎಂದು ಹಿಡಿದರೆ ಮತ್ತೆ ಸುಮಾರು 43. ಎರಡೂ ನಿಜವಲ್ಲ, ನಿಜ ಈ ನಡುವೆ ಎಲ್ಲೋ ಇದೆ. ಹರಳುಗಳ ಮುದ್ದೆಯಂಥ ಲೋಹಕ್ಕಾಗಿ ಫೋಗ್ಟ್ 1889ರಲ್ಲಿ ಒಂದು ಊಹೆಯನ್ನೂ ರಾಯ್ಸ್ 1929ರಲ್ಲಿ ಇನ್ನೊಂದನ್ನೂ ಮುಂದಿಟ್ಟಿದ್ದರು. ಅವು ಬರಿಯ ಊಹೆಗಳಲ್ಲ, ದಾಟಲಾಗದ ಎಲ್ಲೆಗಳು ಎಂದು 1952ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ರಾಡ್ನಿ ಹಿಲ್.

ಈ ಕಸುಬಿಗೆ ಒಬ್ಬರೇ ಗುರು ಎನ್ನಬೇಕಾದರೆ ಹಿಲ್ ಹೆಸರನ್ನೇ ಹೇಳಬೇಕು. ನಾರು ಬೆರೆತ ವಸ್ತುಗಳ ಬಗ್ಗೆ 1964ರಲ್ಲಿ ಅವರು ಬರೆದ ಪ್ರಬಂಧದಲ್ಲಿ ನಾರುಗಳು ಚೌಕದಲ್ಲಿ ನಿಂತಿವೆಯೋ ಷಟ್ಕೋನದಲ್ಲೋ ಎಂಬ ಊಹೆಯೇ ಇಲ್ಲ. ನಾರುಗಳೆಲ್ಲ ಒಂದೇ ದಿಕ್ಕಿಗಿವೆ, ಅಡ್ಡಕ್ಕೆ ಯಾವ ಕಡೆಯಿಂದ ನೋಡಿದರೂ ಗುಣ ಒಂದೇ, ಇಷ್ಟು ಸಾಕು ಅವರಿಗೆ. ಇಂಥ ವಸ್ತುವನ್ನು ವಿವರಿಸಲು ಬೇಕಾದ ಐದು ಸ್ಥಿತಿಸ್ಥಾಪಕ ಸ್ಥಿರಾಂಕಗಳಲ್ಲಿ ನಿಜಕ್ಕೂ ಸ್ವತಂತ್ರವಾದವು ಮೂರೇ ಎಂಬುದು ಅಷ್ಟರಿಂದಲೇ ಹೊರಟುಬರುತ್ತದೆ. ಉದ್ದದ ಗುಣಾಂಕ ಪಾಲಿನ ಲೆಕ್ಕಕ್ಕಿಂತ ಎಂದೂ ಕಡಿಮೆಯಿರದು. ಹೆಚ್ಚಿದ್ದರೆ ಆ ಹೆಚ್ಚಳ ಎರಡು ವಸ್ತುಗಳ ಪಾಯ್ಸನ್ ಅನುಪಾತಗಳ (ಉದ್ದಕ್ಕೆ ಹಿಗ್ಗಿದಾಗ ಅಡ್ಡಕ್ಕೆ ಕುಗ್ಗುವ ಪ್ರಮಾಣಗಳ) ವ್ಯತ್ಯಾಸದಿಂದ ಬಂದದ್ದು, ಅತ್ಯಲ್ಪ. ಎಷ್ಟು ಕಡಿಮೆ ಊಹಿಸಿ ಎಷ್ಟು ಹೆಚ್ಚು ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಚೆಲುವಾದ ಪಾಠ ಎಂಜಿನಿಯರಿಂಗ್ ಗಣಿತದಲ್ಲಿ ಅಪರೂಪ.

ಆದರೆ ವಿನ್ಯಾಸ ಮಾಡುವವನಿಗೆ ಎಲ್ಲೆ ಸಾಲದು, ಒಂದು ಸಂಖ್ಯೆ ಬೇಕು. ಇಲ್ಲಿ ನಡೆದದ್ದು ಸಂತೆಯ ಚೌಕಾಸಿಯಂಥದೇ. ಅಮೆರಿಕದ ವಾಯುಪಡೆಯ ವಸ್ತು ಪ್ರಯೋಗಾಲಯದಲ್ಲಿದ್ದ ಹಾಲ್ಪಿನ್ ಮತ್ತು ತ್ಸಾಯ್ 1960ರ ದಶಕದ ಕೊನೆಗೆ ಕೊಟ್ಟ ಸೂತ್ರದಲ್ಲಿ ಕ್ಸೈ ಎಂಬ ಒಂದು ಅಕ್ಷರವಿದೆ. ಅದಕ್ಕೆ ಸೊನ್ನೆ ಹಾಕಿದರೆ ಕೆಳಗಿನ ಎಲ್ಲೆ, ಅನಂತ ಹಾಕಿದರೆ ಪಾಲಿನ ಲೆಕ್ಕದ ಮೇಲಿನ ಎಲ್ಲೆ. ದುಂಡು ನಾರಿಗೆ 2 ಎಂದು ವ್ಯವಹಾರ ಕುದುರಿತು, ಮೇಲಿನ ಉದಾಹರಣೆಯಲ್ಲಿ 14.8 ಬರುತ್ತದೆ. ಆ 2 ಪ್ರಕೃತಿ ನಿಯಮವಲ್ಲ, ಹೆಚ್ಚು ಕಷ್ಟದ ಲೆಕ್ಕಗಳಿಗೆ ಹೊಂದಿಸಿಕೊಂಡ ಸಂಖ್ಯೆ. ಸೂತ್ರ ಬಳಸುತ್ತಿದ್ದವರಿಗೆಲ್ಲ ಅದು ಗೊತ್ತಿತ್ತು. ಒಪ್ಪಂದ ಸೂತ್ರದೊಳಗೇ ಕಣ್ಣಿಗೆ ಕಾಣುವಂತಿತ್ತು, ಯಾರು ಬೇಕಾದರೂ ತಿದ್ದಿ ನೋಡಬಹುದಿತ್ತು.

ಸೂತ್ರಕ್ಕೆ ಹಾಕುವ ನಾರಿನ ಪಾಲು ಎಲ್ಲಿಂದ ಬರುತ್ತಿತ್ತು ಎಂಬುದನ್ನೂ ಹೇಳಬೇಕು. ಕಾಂಪೋಸಿಟ್ ಹಲಗೆಯಿಂದ ಚೂರೊಂದನ್ನು ಕತ್ತರಿಸಿ, ತೂಗಿ, ಮಫಲ್ ಫರ್ನೇಸಿನಲ್ಲಿ 565 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುವುದು. ರಾಳ ಉರಿದುಹೋಗಿ ಗಾಜಿನ ನಾರು ಬೆಳ್ಳಗೆ ಉಳಿಯುತ್ತದೆ. ಅದನ್ನು ತೂಗಿ, ಸಾಂದ್ರತೆಯಿಂದ ಗಾತ್ರಕ್ಕೆ ತಿರುಗಿಸಬೇಕು. ಸುಟ್ಟ ರಾಳದ ಆ ಕಮಟು, ಗಂಟಲಿಗಿಳಿದು ಬಟ್ಟೆಗೆ ಅಂಟಿ ಮನೆಯವರೆಗೂ ಬರುವ ವಾಸನೆ, ಕಾಗದದ ಮೇಲಿನ 0.6ಕ್ಕೆ ಮೈ ಕೊಡುತ್ತಿತ್ತು. ಒಂದೇ ಹಲಗೆಯ ಎರಡು ಮೂಲೆಗಳ ಚೂರುಗಳು ಎರಡು ಬೇರೆ ಉತ್ತರ ಕೊಡುತ್ತಿದ್ದವು. ಅದನ್ನು ಕಂಡವರು ಮೂರನೆಯ ದಶಮಾಂಶದ ಮೇಲೆ ಭಾರ ಹಾಕುತ್ತಿರಲಿಲ್ಲ. ಬೆಂಗಳೂರಿಗೆ ಇದು ದೂರದ ಮಾತಲ್ಲ: ಅಲ್ಲಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹಂಸ ವಿಮಾನ 1993ರಲ್ಲಿ ಹಾರಿದ್ದು ಕಾಂಪೋಸಿಟ್ ಮೈ ಹೊತ್ತು, 2001ರ ಜನವರಿಯಲ್ಲಿ ಮೇಲೆದ್ದ ತೇಜಸ್ ಯುದ್ಧವಿಮಾನದ ರೆಕ್ಕೆ ಕಾರ್ಬನ್ ನಾರಿನದು.

ಹೊಸ ವಿಧಾನ ಹೆಚ್ಚು ನಿಖರವಲ್ಲವೇ ಎಂಬ ಆಕ್ಷೇಪಕ್ಕೆ ಬೇಲಿ ಹಾಕಲಾಗದು. ಹೌದು, ನಿಖರವೇ. ನಾರುಗಳು ಗುಂಪುಗೂಡುವುದು, ಗಾಳಿಗುಳ್ಳೆ, ನಾರಿನ ಸೊಟ್ಟ, ಇವನ್ನು ಹಳೆಯ ಸೂತ್ರಗಳು ನುಂಗಿಕೊಂಡವು. ಆ ಅಳುಕಿಗೆ ಅಂದಿನ ವಿನ್ಯಾಸಕಾರರು ತೆತ್ತದ್ದು ದಪ್ಪ ಹೆಚ್ಚಿಸಿ, ತೂಕ ಹೆಚ್ಚಿಸಿ. ಫೈನೈಟ್ ಎಲಿಮೆಂಟ್ ಮಾದರಿ ನೂರಾರು ನಾರುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಎಣಿಸಬಲ್ಲದು. ಆದರೆ ಅದಕ್ಕೆ ಉಣಿಸುವುದೇನನ್ನು? ಕಾರ್ಬನ್ ನಾರು ಉದ್ದಕ್ಕೆ 230 ಗಿಗಾಪ್ಯಾಸ್ಕಲ್ ಇದ್ದರೆ ಅಡ್ಡಕ್ಕೆ ಸುಮಾರು 15. ಉದ್ದದ್ದನ್ನು ನೇರವಾಗಿ ಅಳೆಯಬಹುದು. ಕೂದಲಿಗಿಂತ ಎಷ್ಟೋ ತೆಳುವಾದ ನಾರಿನ ಅಡ್ಡಗುಣವನ್ನು ಅಳೆಯುವುದು ಬಹಳ ಕಷ್ಟ. ಆದ್ದರಿಂದ ಹಲಗೆಯನ್ನು ಅಳೆದು, ಯಾವುದಾದರೊಂದು ಸೂತ್ರವನ್ನು ಹಿಂದುಮುಂದಾಗಿ ಬಳಸಿ, ನಾರಿನ ಅಡ್ಡಗುಣವನ್ನು ತೆಗೆಯುವುದು ವಾಡಿಕೆ. ಆ ಸಂಖ್ಯೆ ವಸ್ತುಗುಣಗಳ ಪಟ್ಟಿಗೆ ಸೇರುತ್ತದೆ. ಪಟ್ಟಿಯಿಂದ ಸಾಫ್ಟ್‌ವೇರಿಗೆ ಹೋಗುತ್ತದೆ. ಸಾಫ್ಟ್‌ವೇರು ಅದರಿಂದ ಹಲಗೆಯ ಗುಣವನ್ನು ನಾಲ್ಕು ದಶಮಾಂಶಗಳಿಗೆ ಮುನ್ನುಡಿಯುತ್ತದೆ. ಪ್ರಯೋಗಕ್ಕೆ ತಾಳೆಯಾಯಿತೆಂದು ವರದಿ ಹಿಗ್ಗುತ್ತದೆ. ತಾಳೆಯಾಗದೆ ಇನ್ನೇನಾಗುತ್ತದೆ? ಹಾಲ್ಪಿನ್–ತ್ಸಾಯ್ ಕಾಲದ ಚೌಕಾಸಿ ನಿಂತಿಲ್ಲ, ಯಾರಿಗೂ ಕಾಣದ ಕಡತದೊಳಗೆ ಹೂತುಹೋಗಿದೆ, ಮತ್ತು ಅದನ್ನು ನಿಖರತೆ ಎಂದು ಮಾರಲಾಗುತ್ತಿದೆ. ಇದು ನೋವಿನ ಸಂಗತಿ. ನಾರಿನ ಅಡ್ಡಗುಣ ಯಾವ ಮಾದರಿಯಿಂದ ಹಿಂದಕ್ಕೆ ಎಣಿಸಿದ್ದು ಎಂದು ಪಟ್ಟಿಯಲ್ಲಿ ಒಂದು ಸಾಲು, ಉತ್ತರದ ಪಕ್ಕದಲ್ಲಿ ಕೆಳಗಿನ ಎಲ್ಲೆ, ಮೇಲಿನ ಎಲ್ಲೆ ಎಂದು ಎರಡು ಸಂಖ್ಯೆ: ಇಷ್ಟನ್ನು ಅಚ್ಚು ಹಾಕಲು ಯಾವ ಕಂಪ್ಯೂಟರಿಗೂ ಹೊರೆಯಾಗದು.