ಕರಿ ಹೇಂಟೆಯ ಲೆಕ್ಕ

ಕೊಚ್ಚಿಯಿಂದ ತಿರುವನಂತಪುರಕ್ಕೆ ವರ್ಗವಾದಾಗ ನಮ್ಮ ಸಾಮಾನು ಸರಂಜಾಮಿನ ಜೊತೆಗೆ ಎರಡು ಹೇಂಟೆಗಳೂ ಹೊರಟವು. ತೃಪ್ಪೂಣಿತುರದ ಬಾಡಿಗೆ ಮನೆಯ ಹಿತ್ತಲಲ್ಲಿ, ಭಾಷೆ ಬಾರದ ಊರಿನಲ್ಲಿ ಅಮ್ಮನಿಗೆ ಹೊತ್ತು ಹೋಗಲೆಂದು ಸಾಕಿಕೊಂಡವು ಅವು. ಒಂದು, ತ್ರಿಶೂರಿನ ಮಣ್ಣುತ್ತಿಯಲ್ಲಿ ವಿಜ್ಞಾನಿಗಳು ರೂಪಿಸಿದ ‘ಗ್ರಾಮಶ್ರೀ’. ನಮ್ಮ ಹೆಬ್ಬಾಳದ ‘ಗಿರಿರಾಜ’ನಂತೆ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿ. ಇನ್ನೊಂದು, ನೆರೆಮನೆಯ ನಿವೃತ್ತ ಮಾಷ್ ಕೊಟ್ಟ ಕರಿ ಬಣ್ಣದ ನಾಟಿ ಹೇಂಟೆ. ಬಿದಿರು ಬುಟ್ಟಿಯೊಳಗೆ ಕುಳಿತು, ಆಲಪ್ಪುಳ ಮತ್ತು ಕೊಲ್ಲಂ ದಾಟಿ, ಸುಮಾರು ಇನ್ನೂರು ಕಿಲೋಮೀಟರು ಪ್ರಯಾಣ ಮಾಡಿ ಅವು ಪೇರೂರ್ಕಡದ ಹೊಸ ಹಿತ್ತಲಲ್ಲಿ ಇಳಿದವು. ಮರುದಿನದಿಂದಲೇ ಮೊಟ್ಟೆ ನಿಂತುಹೋಯಿತು.

ಮೇವಿಗೆ ಕೊರತೆಯಿರಲಿಲ್ಲ. ಕಣ್ಣು ಹೊಳೆಯುತ್ತಿತ್ತು, ನಡಿಗೆಯಲ್ಲಿ ಠೀವಿಯಿತ್ತು. ಕಾಯಿಲೆಯ ಸುಳಿವಿಲ್ಲದ ಕೋಳಿ ಮೊಟ್ಟೆಯಿಡದಿದ್ದರೆ ದೂರುವುದು ಯಾರನ್ನು? ಜೂನ್ ತಿಂಗಳು; ನಾವು ಮಳೆಗಾಲದ ಮೋಡವನ್ನು ದೂರಿದೆವು. ಹೇಂಟೆ ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಬೇಕೆಂದೂ, ಹಗಲು ಕುಗ್ಗಿದಾಗ ಅದು ವಿರಮಿಸುವುದೆಂದೂ ಎಲ್ಲೋ ಓದಿದ್ದೆವು. ಆದರೆ ಅದು ಡಿಸೆಂಬರಿನಲ್ಲಿ ಎಂಟು ಗಂಟೆಯಷ್ಟೇ ಹಗಲಿರುವ ಇಂಗ್ಲೆಂಡಿನಂಥ ನಾಡಿನಲ್ಲಿ ಹೆಚ್ಚು ಸಲ್ಲುವ ಮಾತು. ತಿರುವನಂತಪುರದಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದು ಗಂಟೆ. ಅದರಲ್ಲೂ ಜೂನ್ ಎಂದರೆ ದೀರ್ಘ ಹಗಲಿನ ಕಾಲ. ನಮ್ಮ ಪಾಂಡಿತ್ಯ ನಿಲ್ಲಲಿಲ್ಲ.

“ಊರು ಬಿಟ್ಟು ಬಂದಿವೆ, ಸುಮ್ಮನಿರಿ” ಎಂದರು ಅಮ್ಮ. ಅವರು ಹೇಳಿದ್ದೇ ಸರಿಯಾಗಿತ್ತು. ಒಂದು ಮೊಟ್ಟೆ ರೂಪುಗೊಳ್ಳಲು 24ರಿಂದ 26 ಗಂಟೆ ಹಿಡಿಯುತ್ತದೆ. ಅದರ ಚಿಪ್ಪೊಂದಕ್ಕೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ವ್ಯಯವಾಗುತ್ತದೆ. ಗೂಡು, ನೀರು, ನೆಲ ಎಲ್ಲವೂ ಬದಲಾಗಿ ಜೀವ ಬೆದರಿದಾಗ ದೇಹ ಮೊದಲು ಕೈಬಿಡುವುದು ಇಂಥ ದುಬಾರಿ ಖರ್ಚನ್ನೇ. ಮೂರು ವಾರ ಕಳೆದ ಮೇಲೆ ಗ್ರಾಮಶ್ರೀ ಗೂಡಿನಲ್ಲಿ ಕಂದು ಮೊಟ್ಟೆಯೊಂದನ್ನಿಟ್ಟು ಲೋಕಕ್ಕೆಲ್ಲ ಕೇಳುವಂತೆ ಕೂಗಿತು. ಕರಿ ಹೇಂಟೆಯೂ ಮರುವಾರ ಎರಡು ಪುಟ್ಟ ಮೊಟ್ಟೆಗಳನ್ನಿಟ್ಟಿತು. ಆಮೇಲೆ ಅದರ ಮೊಟ್ಟೆ ಮತ್ತೆ ಕಾಣಿಸದಾಯಿತು.

ಇಲ್ಲಿಂದ ಮುಂದಿನದನ್ನು ಬರೆಯಲು ನಮಗೆ ಸಂಕೋಚವಿದೆ.

ವಾರಕ್ಕೆರಡು ದಿನ ಅಂಗಳ ಹಿತ್ತಲು ಗುಡಿಸಲು ಒಬ್ಬ ಹೆಂಗಸು ಬರುತ್ತಿದ್ದರು. ನಾವು ಅವರನ್ನು ಚೇಚಿ ಎಂದು ಕರೆಯುತ್ತಿದ್ದೆವು. ಅಕ್ಕ ಎಂದೇ ಅದರ ಅರ್ಥ. ಕೇರಳದಲ್ಲಿ ನಾಟಿ ಮೊಟ್ಟೆಗೆ ಬೆಲೆ ಹೆಚ್ಚು ಎಂಬುದು ನಮಗೆ ನೆನಪಾಯಿತು. ಅವರು ಬಂದು ಹೋಗದ ದಿನಗಳಲ್ಲಿಯೂ ಮೊಟ್ಟೆ ಇರಲಿಲ್ಲ ಎಂಬುದು ನೆನಪಾಗಲಿಲ್ಲ. ಬಾಯಿ ಬಿಟ್ಟು ಏನನ್ನೂ ಹೇಳಲಿಲ್ಲ. “ಇನ್ನು ಹಿತ್ತಲನ್ನು ನಾವೇ ನೋಡಿಕೊಳ್ಳುತ್ತೇವೆ, ನೀವು ಮುಂದಿನ ಅಂಗಳ ಗುಡಿಸಿದರೆ ಸಾಕು” ಎಂದೆವಷ್ಟೆ. ಹಾಗೆ ಹೇಳುವುದು ಸಭ್ಯತೆಯೆಂದು ಭಾವಿಸಿದ್ದೆವು. ಅವರಿಗೆ ಅರ್ಥವಾಗಿತ್ತು. ಅಂದು ಅಮ್ಮ ಕೊಟ್ಟ ಚಹಾವನ್ನು ಬೇಡವೆಂದು ಹೊರಟುಹೋದರು.

ಮುಂದಿನ ಬಾರಿ ಬಂದವರು ಪೊರಕೆ ಹಿಡಿಯುವ ಮೊದಲು ಕರಿ ಹೇಂಟೆಯನ್ನು ಹಿಡಿದರು. ಅಂಗಳಕ್ಕೆ ಬಂದಿದ್ದ ಅದನ್ನು ಕಂಕುಳಲ್ಲಿ ಅವುಚಿಕೊಂಡು, ಬಾಲದ ಕೆಳಗೆ ಎರಡು ಸಣ್ಣ ಎಲುಬುಗಳ ನಡುವೆ ಬೆರಳಿಟ್ಟು ನಮಗೆ ತೋರಿಸಿದರು. ಎರಡು ಬೆರಳು ಸಲೀಸಾಗಿ ಹಿಡಿಸಿದರೆ ಕೋಳಿ ಮೊಟ್ಟೆಯಿಡುತ್ತಿದೆ ಎಂದು ಲೆಕ್ಕ. ಎಲುಬುಗಳು ಒಂದಕ್ಕೊಂದು ಒತ್ತಾಗಿದ್ದರೆ ನಿಲ್ಲಿಸಿದೆ ಎಂದು. ಇಲ್ಲಿ ಎರಡು ಬೆರಳು ಹಿಡಿಸಿ ಇನ್ನೂ ಜಾಗವಿತ್ತು. “ಇವಳು ಇಡುತ್ತಿದ್ದಾಳೆ” ಎಂದು ಮಲಯಾಳದಲ್ಲಿ ಹೇಳಿ ಹೇಂಟೆಯನ್ನು ಕೆಳಗೆ ಬಿಟ್ಟು, ಅಂಗಳ ಗುಡಿಸತೊಡಗಿದರು. ಅರ್ಧ ಗಂಟೆಯ ಮೇಲೆ ಬಾವಿಕಟ್ಟೆಯ ಆಚೆಯಿಂದ ಮೊಟ್ಟೆಯಿಟ್ಟ ಕೋಳಿಯ ಕೂಗು ಕೇಳಿಸಿತು. ಅವರು ತಲೆಯೆತ್ತಿ ನಮ್ಮತ್ತ ನೋಡಿದರು. ತಾವಾಗಿ ಹಿತ್ತಲಿಗೆ ಕಾಲಿಡಲಿಲ್ಲ. ನಾವು ಕರೆದ ಮೇಲೆಯೇ ಬಂದು, ಒಣಗಿದ ತೆಂಗಿನ ಸೋಗೆಗಳ ರಾಶಿಯನ್ನು ಸರಿಸಿದರು. ಅಡಿಯಲ್ಲಿ ಒಂಬತ್ತು ಮೊಟ್ಟೆಗಳಿದ್ದವು. ಒಂದೊಂದಾಗಿ, ನಮಗೆ ಕೇಳುವಂತೆ, ಎಣಿಸಿದರು.

“ತೆಟ್ಟು ಪಟ್ಟಿಪ್ಪೋಯಿ, ಚೇಚಿ” ಎಂದೆವು. ತಪ್ಪಾಗಿಹೋಯಿತು ಎನ್ನುವಷ್ಟು ಮಲಯಾಳ ನಮಗೆ ಬರುತ್ತಿತ್ತು. ಅದಕ್ಕಿಂತ ಹೆಚ್ಚಿನದು ಕನ್ನಡದಲ್ಲಿಯೂ ನಾಲಿಗೆಗೆ ಬರಲಿಲ್ಲ. ಅವರು ಕೋಳಿಯ ಮಾತನ್ನಷ್ಟೇ ಆಡಿದರು: ಹೊಸ ಮನೆಯಲ್ಲವೇ, ನಂಬಿಕೆ ಬರುವವರೆಗೆ ಬಚ್ಚಿಟ್ಟೇ ಇಡುತ್ತದೆ.

ಕೆಲವೇ ದಿನಗಳಲ್ಲಿ ಕರಿ ಹೇಂಟೆ ನಿಜವಾಗಿಯೇ ಮೊಟ್ಟೆ ನಿಲ್ಲಿಸಿ ಕಾವಿಗೆ ಕುಳಿತಿತು. ಗ್ರಾಮಶ್ರೀಯಂಥ ಸುಧಾರಿತ ತಳಿಗಳಲ್ಲಿ ಈ ಗುಣ ಕಡಿಮೆ. ನಾಟಿ ಕೋಳಿ ಮಾತ್ರ ಹತ್ತು ಹನ್ನೆರಡು ಮೊಟ್ಟೆಗಳಾದೊಡನೆ ಮರಿ ಮಾಡುವ ಹಟ ಹಿಡಿಯುತ್ತದೆ. ತಣ್ಣೀರಿನಲ್ಲಿ ಅದ್ದಿದರೆ ಕಾವು ಬಿಡುತ್ತದೆಂದು ಕೆಲವರು ಸಲಹೆಯಿತ್ತರು. “ಕಾವಿಗೆ ಕೂತವಳನ್ನು ಎಬ್ಬಿಸಬಾರದು” ಎಂದು ಅಮ್ಮ ಒಪ್ಪಲಿಲ್ಲ. ಆದರೆ ನಮ್ಮಲ್ಲಿ ಹುಂಜವಿರಲಿಲ್ಲ. ಆ ಮೊಟ್ಟೆಗಳು ಎಷ್ಟು ಕಾವು ಕೊಟ್ಟರೂ ಒಡೆದು ಮರಿಯಾಗುವಂಥವಲ್ಲ. ಸಂಗತಿ ತಿಳಿದ ಚೇಚಿ ಮರುದಿನ ತಮ್ಮ ಮನೆಯಿಂದ ಬಟ್ಟೆಯಲ್ಲಿ ಸುತ್ತಿ ಒಂಬತ್ತು ಮೊಟ್ಟೆ ತಂದರು. ಅವರ ಮನೆಯಲ್ಲಿ ಹುಂಜವಿತ್ತು, ಮೂರು ಹೇಂಟೆಗಳಿದ್ದವು. ಮೊಟ್ಟೆಗಾಗಿ ಅವರು ನಮ್ಮ ಹಿತ್ತಲನ್ನು ನೋಡಬೇಕಾಗಿಯೇ ಇರಲಿಲ್ಲ. ಹಣ ಕೊಡಹೋದರೆ ಕೈ ಹಿಂದೆಳೆದುಕೊಂಡರು. ಕಡೆಗೆ ಅಮ್ಮ, ನಮ್ಮ ಕಡೆಯ ಹಳ್ಳಿಗಳಲ್ಲಿರುವಂತೆ ಪಾಲಿನ ಮಾತನಾಡಿದರು, ಅರ್ಧ ಕನ್ನಡ, ಅರ್ಧ ಕೈಸನ್ನೆ. ಅದಕ್ಕೆ ಅವರು ಒಪ್ಪಿದರು. 21ನೆಯ ದಿನ ಏಳು ಮರಿಗಳಾದವು. ನಾಲ್ಕು ಅವರಿಗೆ, ಮೂರು ನಮಗೆ.

ಇದಾಗಿ ಒಂದು ವರ್ಷ ಕಳೆದಿದೆ. ಈಗ ಗ್ರಾಮಶ್ರೀಯ ಸರದಿ. ಹಿತ್ತಲ ತುಂಬ ಕಂದು ಗರಿಗಳು ಉದುರಿವೆ; ಕತ್ತಿನ ಚರ್ಮ ಕಾಣುತ್ತಿದೆ. ಗರಿಯೆಂದರೆ ಬಹುಪಾಲು ಪ್ರೋಟೀನೇ; ಹೊಸ ಗರಿ ಮೂಡಿಸುವ ಎರಡು ಮೂರು ತಿಂಗಳು ಹೇಂಟೆಗೆ ಮೊಟ್ಟೆಯ ಕಡೆ ಕೊಡಲು ಏನೂ ಉಳಿಯದು. ಮೇವಿಗೆ ಸ್ವಲ್ಪ ಒಣಮೀನಿನ ಪುಡಿ ಬೆರೆಸಿ ಸುಮ್ಮನಿದ್ದೇವೆ.

ನಿನ್ನೆ ಚೇಚಿ ಆ ಗರಿಗಳನ್ನು ಗುಡಿಸುತ್ತ, “ಮೊಟ್ಟೆ ನಿಂತಿತೇ?” ಎಂದು ಕೇಳಿದರು. ನಿಂತಿದೆ ಎಂದೆವು. ಅವರು ನಕ್ಕರೆಂದು ನಮಗೆ ತೋರಿತು. ಕೆಲಸ ಮುಗಿಸಿ, ಹಿತ್ತಲ ಮೆಟ್ಟಿಲ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ಚಹಾ ಕುಡಿದು ಹೋದರು.