ಒಂದು ಹಾಡು, ಮೂರು ಹೆಸರು

1/7
ಒಂದು ಸಣ್ಣ ಪರೀಕ್ಷೆ ಮಾಡೋಣ. ಕೋಳಿ ಹೋಗಿ ಕೋಡಗನನ್ನು ನುಂಗುವ ಹಾಡು ಗೊತ್ತಲ್ವಾ? ಸ್ಕೂಲ್ ಡೇ ಡ್ಯಾನ್ಸಿಂದ ಹಿಡಿದು ಬಸ್ಸಿನ ಅಂತ್ಯಾಕ್ಷರಿವರೆಗೆ ಎಲ್ಲಾ ಕಡೆ ಬರುತ್ತೆ. ಯಾರದು ಅಂದ್ರೆ ತಕ್ಷಣ ಹೇಳ್ತೀರಿ, ಶಿಶುನಾಳ ಶರೀಫರದು. ಸರಿ.

ಈಗ ಬಾಯಿ ಮುಚ್ಚಿಕೊಂಡು, ಪದ ಇಲ್ಲದೆ, ಬರೀ ಹೂಂಗುಟ್ಟಿ ಅದನ್ನ ಗುನುಗಿ ನೋಡಿ.

ನೀವು ಈಗ ಗುನುಗಿದ್ದು ಶರೀಫರದಲ್ಲ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ದನಿ ರೆಕಾರ್ಡ್ ಆಗಿಲ್ಲ. ನಿಮ್ಮ ಗಂಟಲಲ್ಲಿ ಕೂತಿರೋ ಆ ಧಾಟಿ ಸಿ. ಅಶ್ವಥ್ ಅವರದು. ಇವತ್ತಿನ ಸರಣಿ ಅವರ ಬಗ್ಗೆ, ಮತ್ತೆ ನಾವು ಮರೆತುಬಿಡೋ ಒಂದು ಹೆಸರಿನ ಬಗ್ಗೆ.

2/7
ನಮ್ಮನೆ ಭದ್ರಾವತಿಯ ಪೇಪರ್ ಟೌನ್ ಕಡೆ. ಅಜ್ಜಂಗೆ ಬೆಳಗ್ಗೆ ಕಾಫಿ ಜೊತೆ ಭದ್ರಾವತಿ ಆಕಾಶವಾಣಿ ಇರಲೇಬೇಕು. 1965ರಲ್ಲಿ ಶುರುವಾದ ನಿಲಯ ಅದು, ಮೀಡಿಯಂ ವೇವ್ 675 ಕಿಲೋಹರ್ಟ್ಜ್. ಈಗ ಎಫ್‌ಎಂನಲ್ಲಿ 103.5. ಅಲ್ಲಿ ಭಾವಗೀತೆ ಬರೋ ಮುಂಚೆ ಉದ್ಘೋಷಕರು ಮೂರು ಹೆಸರು ಹೇಳ್ತಾರೆ: ಬರೆದವರು, ರಾಗ ಸಂಯೋಜನೆ ಮಾಡಿದವರು, ಹಾಡಿದವರು. ಇಷ್ಟೇ, ಐದು ಸೆಕೆಂಡಿನ ಕೆಲಸ.

ಅಜ್ಜ ಸಂಗೀತ ಕಲಿತವರಲ್ಲ, ಶಿಫ್ಟ್‌ಗೆ ಹೋಗಿ ಬರ್ತಿದ್ದವರು. ಆದ್ರೂ "ಇದು ಅಶ್ವಥ್ ಟ್ಯೂನು, ಇದು ಅನಂತಸ್ವಾಮಿದು" ಅಂತ ಎರಡು ಸಾಲಿಗೇ ಹೇಳ್ತಾರೆ. ಆ ಐದು ಸೆಕೆಂಡನ್ನ ಐವತ್ತು ವರ್ಷ ಕೇಳಿದ್ದರ ಫಲ ಅದು.

ನಮ್ಮ ಫೋನಲ್ಲಿ ಏನಾಗುತ್ತೆ? ರೀಲ್‌ನ ಕೆಳಗೆ ಒಂದು ಹೆಸರು ಓಡ್ತಾ ಇರುತ್ತೆ. ಬಹಳ ಸಲ ಅದು ಆಡಿಯೋ ಅಪ್ಲೋಡ್ ಮಾಡಿದವರದು. ಅಪರೂಪಕ್ಕೆ ಹಾಡಿದವರದು. ಕ್ಯಾಪ್ಷನ್ ಹಾಕೋರು ಸ್ವಲ್ಪ ಓದಿದವರಾದ್ರೆ ಕವಿ ಹೆಸರು ಹಾಕ್ತಾರೆ. ಮಧ್ಯದವರು ಮಾತ್ರ ಮಾಯ.

3/7
ಸರಿ, ಈ ಮಧ್ಯದವರು ಯಾರು?

ಅಶ್ವಥ್ ಹುಟ್ಟಿದ್ದು 1939ರ ಡಿಸೆಂಬರ್ 29, ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ. ದೇವಗಿರಿ ಶಂಕರ ಜೋಶಿ ಅವರ ಹತ್ತಿರ ಹಿಂದೂಸ್ತಾನಿ ಕಲಿತರು. ಹೊಟ್ಟೆಪಾಡಿಗೆ ಬೆಂಗಳೂರಿನ ಐಟಿಐ, ಅಂದ್ರೆ ಟೆಲಿಫೋನ್ ಮಾಡುವ ಸರ್ಕಾರಿ ಕಾರ್ಖಾನೆ. ಅಲ್ಲಿ 27 ವರ್ಷ ಕೆಲಸ ಮಾಡಿ 1992ರಲ್ಲಿ ನಿವೃತ್ತರಾದರು.

ಈ ಲೆಕ್ಕವನ್ನ ಭದ್ರಾವತಿಯವರು ಸರಿಯಾಗಿ ಓದಿಕೊಳ್ಳಿ. ಮಾಸ್ತಿಯವರ 'ಕಾಕನಕೋಟೆ' ಸಿನಿಮಾ ಆದಾಗ, 1977ರಲ್ಲಿ, ಸಂಗೀತ ಅಶ್ವಥ್ ಅವರದು. ಎಲ್. ವೈದ್ಯನಾಥನ್ ಜೊತೆ ಸೇರಿ 'ಅಶ್ವಥ್-ವೈದಿ' ಅಂತ ಜೋಡಿಯಾಗಿ 'ಏನೇ ಬರಲಿ ಪ್ರೀತಿ ಇರಲಿ', 'ಆಲೆಮನೆ' ಮಾಡಿದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಇಷ್ಟೂ ಆಗಿದ್ದು ಕಾರ್ಖಾನೆ ಕೆಲಸ ಇಟ್ಟುಕೊಂಡೇ. ನಿವೃತ್ತಿ ಆದ ವರ್ಷ 'ಮೈಸೂರು ಮಲ್ಲಿಗೆ', ಮರುವರ್ಷ 'ಚಿನ್ನಾರಿ ಮುತ್ತ', 1997ರಲ್ಲಿ 'ನಾಗಮಂಡಲ'. 'ಚಿನ್ನಾರಿ ಮುತ್ತ' ಅಂದ್ರೆ ನಮ್ಮ ಅಪ್ಪ-ಅಮ್ಮನ ಕಾಲದ್ದು, ನಿಜ. ಆದ್ರೆ ಅದರ ಹಾಡು ನಮ್ಮ ಅಂಗನವಾಡಿಗೂ ಬಂದಿತ್ತು.

ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆ ಇದ್ದ ಊರು ನಮ್ಮದು. ಡ್ಯೂಟಿ ಮುಗಿಸಿ ಬಂದು ಭಜನೆಗೆ, ನಾಟಕಕ್ಕೆ ಕೂರೋ ಮಾವಂದಿರನ್ನ ನಾವು ನೋಡಿದೀವಿ. ಕಲೆ ಅಂದ್ರೆ ಕೆಲಸ ಬಿಟ್ಟು ಬೆಂಗಳೂರಿಗೆ ಓಡೋದು ಅಂತ ನಮ್ಮಲ್ಲಿ ಕೆಲವರು ಅಂದ್ಕೊಂಡಿದಾರಲ್ಲ, ಅವರು ಈ 27 ವರ್ಷವನ್ನ ಒಂದ್ಸಲ ನೆನಪಿಸಿಕೊಳ್ಳಲಿ.

4/7
ರಾಗ ಸಂಯೋಜನೆ ಅಂದ್ರೆ ನಿಜಕ್ಕೂ ಮಾಡೋದು ಎಂತದು?

ಯಾವುದಾದ್ರೂ ಒಂದು ಕವನ ತಗೊಳ್ಳಿ. ಪುಸ್ತಕದಲ್ಲಿ ಅದು ಎಲ್ಲಾ ಸಾಲಿಗೂ ಒಂದೇ ಬೆಲೆ ಕೊಟ್ಟು ಕೂತಿರುತ್ತೆ. ಯಾವ ಸಾಲು ಪಲ್ಲವಿ ಆಗಬೇಕು, ಪ್ರತಿ ಚರಣ ಆದಮೇಲೆ ಎಲ್ಲಿಗೆ ವಾಪಸ್ ಬರಬೇಕು, ಹಾಡುವವರು ಎಲ್ಲಿ ಉಸಿರು ತಗೋಬೇಕು, ಯಾವ ಪದವನ್ನ ಎತ್ತರಕ್ಕೆ ಒಯ್ಯಬೇಕು, ಯಾವುದನ್ನ ಸುಮ್ನೆ ಮಾತಿನ ಹಾಗೆ ಬಿಡಬೇಕು, ಯಾವ ಚರಣ ಬಿಟ್ಟರೂ ಅರ್ಥ ಕೆಡಲ್ಲ, ಇಷ್ಟನ್ನೂ ಒಬ್ಬರು ಕೂತು ತೀರ್ಮಾನಿಸಬೇಕು. ಒಂದು ಪದವನ್ನ ತಪ್ಪು ಜಾಗದಲ್ಲಿ ಎಳೆದರೆ ಸಾಲಿನ ಅರ್ಥವೇ ಬೇರೆ ಆಗಿಬಿಡುತ್ತೆ. ಅಂದ್ರೆ ಸಂಯೋಜಕರು ಕವನದ ಮೊದಲ ಓದುಗರು. ಅವರು ಓದಿದ ಹಾಗೆಯೇ ಆಮೇಲೆ ಇಡೀ ನಾಡು ಓದುತ್ತೆ.

ಈ ಕೆಲಸಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಎದುರಿಗಿರೋದು ಹಾರ್ಮೋನಿಯಂ. ಅದೂ ಯುರೋಪಿಂದ ಬಂದದ್ದೇ, ಪಿಯಾನೋ ತರದ ಮನೆ, ಒಳಗೆ ಗಾಳಿ. ಅದರ ಮನೆಗಳಲ್ಲಿ ನಮ್ಮ ಗಮಕ ಬರಲ್ಲ ಅಂತ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧ ಇತ್ತು! ಭದ್ರಾವತಿ ನಿಲಯ ಶುರುವಾದಾಗಲೂ ಆ ನಿಷೇಧ ಜಾರಿಯಲ್ಲಿತ್ತು. ಈಗ ಹಾರ್ಮೋನಿಯಂ ಇಲ್ಲದ ಭಾವಗೀತೆ ಕಾರ್ಯಕ್ರಮ ಹುಡುಕಿ ತೋರಿಸಿ ನೋಡೋಣ.

5/7
ಇದೇ ಕೆಲಸ ಜರ್ಮನ್ ಭಾಷೆಯಲ್ಲೂ ಆಗಿದೆ, ನಮಗಿಂತ ನೂರೈವತ್ತು ವರ್ಷ ಮುಂಚೆ. ಕವಿತೆ, ಒಂದು ದನಿ, ಜೊತೆಗೆ ಪಿಯಾನೋ, ಅಷ್ಟೇ. ಆ ಪ್ರಕಾರಕ್ಕೆ 'ಲೀಡ್' ಅಂತಾರೆ. ಫ್ರಾಂಜ್ ಶೂಬರ್ಟ್ 31 ವರ್ಷ ಮಾತ್ರ ಬದುಕಿ ಇಂಥವು ಸುಮಾರು 600 ಮಾಡಿದ. 1827ರಲ್ಲಿ 24 ಹಾಡುಗಳ ಒಂದು ಮಾಲೆ ಮಾಡಿದ, ಹೆಸರು 'ವಿಂಟರ್‌ರೈಸ', ಚಳಿಗಾಲದ ಪಯಣ. ಅದರ ಕವಿತೆಗಳು ವಿಲ್ಹೆಲ್ಮ್ ಮ್ಯೂಲರ್‌ದು.

ತಮಾಷೆ ನೋಡಿ. ಅಲ್ಲಿ ಎಲ್ಲರೂ ಅದನ್ನ 'ಶೂಬರ್ಟ್‌ನ' ಹಾಡು ಅಂತಾರೆ. ಪಾಪ, ಮ್ಯೂಲರ್ ಕವಿತೆಗಳು ಉಳಿದದ್ದೇ ಆ ಟ್ಯೂನಿಂದ. ಇಲ್ಲಿ ಉಲ್ಟಾ. ನಾವು ಬೇಂದ್ರೆ ಹಾಡು, ಕುವೆಂಪು ಹಾಡು, ಕೆ.ಎಸ್.ನ. ಹಾಡು ಅಂತೀವಿ. ಕವಿಗೆ ಅಷ್ಟು ಮರ್ಯಾದೆ ಕೊಡೋ ಭಾಷೆ ನಮ್ಮದು ಅನ್ನೋದು ಖುಷಿಯೇ. ಆದ್ರೆ ಅವರು ಕವಿಯನ್ನ ಮರೆತರೂ ನಾವು ಸಂಯೋಜಕರನ್ನ ಮರೆತರೂ ತಪ್ಪು ಒಂದೇ ತರದ್ದು.

6/7
ನಮ್ಮ ಶಿವಮೊಗ್ಗ ಈ ಕಥೆಯಲ್ಲಿ ಎಲ್ಲಿದೆ ಅಂತ ಕೇಳ್ತೀರಾ? ಮೂರೂ ಹೆಸರಿನ ಜಾಗದಲ್ಲಿ ನಾವು ಎರಡು ತುಂಬಿಸಿದ್ದೀವಿ.

ಕವಿ: ಕುಪ್ಪಳಿಯ ಕುವೆಂಪು ಇದ್ದೇ ಇದ್ದಾರೆ. ಜೊತೆಗೆ ಸಹ್ಯಾದ್ರಿ ಕಾಲೇಜಲ್ಲಿ ಭೂವಿಜ್ಞಾನ ಪಾಠ ಮಾಡ್ತಿದ್ದ ಕೆ.ಎಸ್. ನಿಸಾರ್ ಅಹಮದ್. ಹೌದು, ಕಲ್ಲು-ಮಣ್ಣಿನ ಮೇಷ್ಟ್ರು! ಅವರ ಕವಿತೆಗಳ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ ಅದು. ರಾಗ ಹಾಕಿದ್ದು ಮೈಸೂರು ಅನಂತಸ್ವಾಮಿ.

ಗಾಯಕ: ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ ಶಿವಮೊಗ್ಗ ಸುಬ್ಬಣ್ಣ. ವೃತ್ತಿಯಲ್ಲಿ ವಕೀಲರು. 'ಕಾಡು ಕುದುರೆ' ಚಿತ್ರದ ಹಾಡಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಗಾಯನಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರು. ಆ ಹಾಡಲ್ಲಿ ಕವಿ, ಸಂಗೀತ ಎರಡೂ ಚಂದ್ರಶೇಖರ ಕಂಬಾರರೇ. ಅಶ್ವಥ್ ಸಂಯೋಜಿಸಿದ ಶರೀಫರ ಪದಗಳನ್ನ ಮನೆಮನೆಗೆ ಮುಟ್ಟಿಸಿದ ದನಿಗಳಲ್ಲಿ ಸುಬ್ಬಣ್ಣನವರದೂ ಒಂದು. 2022ರ ಆಗಸ್ಟ್ 11ರಂದು ಅವರು ಹೋದರು. ಅವತ್ತು ನಮ್ಮ ಕ್ಲಾಸಿನ ಗ್ರೂಪಲ್ಲೂ ಅವರ ಫೋಟೋ ಬಂದಿತ್ತು, ನೆನಪಿದೆಯಾ?

ದನಿಗೆ ಮುಖ ಇರುತ್ತೆ, ಪದಕ್ಕೆ ಪುಸ್ತಕ ಇರುತ್ತೆ. ಟ್ಯೂನಿಗೆ ಎರಡೂ ಇಲ್ಲ. ಅದಕ್ಕೇ ಅದು ಬೇಗ ಅನಾಥ ಆಗುತ್ತೆ.

7/7
ಇದು ಬರೀ ಭಾವುಕತೆ ಅಂದ್ಕೋಬೇಡಿ. ಟ್ಯೂನಿನ ವಿಷಯ ಹೈಕೋರ್ಟ್‌ವರೆಗೂ ಹೋಗಿದೆ.

ಕುವೆಂಪು ಅವರ ನಾಡಗೀತೆ ನಾಡಗೀತೆಯಾದದ್ದು 2004ರಲ್ಲಿ. ಆದ್ರೆ ಯಾವ ಧಾಟಿಯಲ್ಲಿ, ಎಷ್ಟು ಹೊತ್ತು ಹಾಡಬೇಕು ಅನ್ನೋದು ನಿಕ್ಕಿ ಆಗಿದ್ದು 2022ರಲ್ಲಿ. ಗಾಯಕಿ ಎಚ್.ಆರ್. ಲೀಲಾವತಿ ಅವರ ಅಧ್ಯಕ್ಷತೆಯ ಸಮಿತಿ ಹೇಳಿದಂತೆ ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು. ಅಶ್ವಥ್ ಅವರ ಧಾಟಿಯೂ ಇದೆ, ಅದೇ ಬೇಕು ಅನ್ನುವವರೂ ಇದ್ದಾರೆ. ಸರ್ಕಾರದ ಆದೇಶವನ್ನ ಪ್ರಶ್ನಿಸಿದ ಅರ್ಜಿಯನ್ನ ಹೈಕೋರ್ಟ್ 2024ರಲ್ಲಿ ವಜಾ ಮಾಡಿತು. ಯಾರ ಧಾಟಿ ಚೆಂದ ಅಂತ ಇಲ್ಲಿ ಜಗಳ ಬೇಡ. ಬೆಳಗ್ಗೆ ಪ್ರಾರ್ಥನೆಗೆ ನಿಂತು ನಾವು ಇಷ್ಟು ವರ್ಷ ಹಾಡಿದ್ದು ಇಬ್ಬರಲ್ಲಿ ಯಾರದು ಅಂತಾದ್ರೂ ನಮಗೆ ಗೊತ್ತಿರಬೇಕಲ್ವಾ?

ಅಶ್ವಥ್ 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ಅಂತ ಕಾರ್ಯಕ್ರಮ ಮಾಡಿದರು. ಜನ ಬಂದು ಮೈದಾನ ತುಂಬಿಸಿದ್ದು ಕವಿತೆ ಕೇಳೋಕೆ. ಕವಿತೆಗೆ ಅಷ್ಟು ಜನ ಸೇರೋದು ಅಂದ್ರೆ ಏನು ಅಂತ ಯೋಚನೆ ಮಾಡಿ. 2009ರ ಡಿಸೆಂಬರ್ 29ರಂದು, ತಮ್ಮ 70ನೇ ಹುಟ್ಟುಹಬ್ಬದ ದಿನವೇ, ಅವರು ತೀರಿಕೊಂಡರು. ನಮ್ಮಲ್ಲಿ ಬಹಳ ಜನ ಆಗ ಎಲ್‌ಕೆಜಿ, ಯುಕೆಜಿ.

ಮುಂದಿನ ತಿಂಗಳು ಭಾವಗೀತೆ ಸ್ಪರ್ಧೆ ಇದೆ. ಕಳೆದ ಸಲ ನಾನು ಹೋದ ಒಂದು ಸ್ಪರ್ಧೆಯ ಫಾರ್ಮಲ್ಲಿ ಕವಿ ಹೆಸರಿಗೆ ಜಾಗ ಇತ್ತು, ಸಂಯೋಜಕರಿಗೆ ಇರಲಿಲ್ಲ. ಈ ಸಲ ಫಾರ್ಮಲ್ಲಿ ಜಾಗ ಇರಲಿ ಬಿಡಲಿ, ಮೈಕ್ ನಿಮ್ಮ ಕೈಲಿರುತ್ತೆ. ಹಾಡೋ ಮುಂಚೆ ಮೂರು ಹೆಸರು ಹೇಳಿ. ಮೂರನೆಯದು ನಿಮ್ಮದೇ, ಧೈರ್ಯವಾಗಿ ಹೇಳಿ.

ಹೋಂವರ್ಕ್: ಮನೆಯಲ್ಲಿ ದೊಡ್ಡೋರಿಗೆ ಇಷ್ಟವಾದ ಒಂದು ಭಾವಗೀತೆ ಕೇಳಿ, ಅದಕ್ಕೆ ರಾಗ ಹಾಕಿದವರು ಯಾರು ಅಂತ ಹುಡುಕಿ ಕಾಮೆಂಟಲ್ಲಿ ಬರೀರಿ. ಬಂದ ಎಲ್ಲಾ ಹೆಸರನ್ನೂ ಸ್ಟೋರಿಗೆ ಹಾಕ್ತೀನಿ.

#ತುಂಗಾಭದ್ರಾಕಥೆಗಳು #ಸುಗಮಸಂಗೀತ #ಸಿಅಶ್ವಥ್ #ಶಿವಮೊಗ್ಗ #ಭದ್ರಾವತಿ